ವುಡ್ ಬಫಲೋ ಕಾಡಿನ ಸಿಡಿಲ ಕಿಚ್ಚು

ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯ ಕಾಡ್ಗಿಚ್ಚು ಬಹುಪಾಲು ಸಿಡಿಲಿನಿಂದಲೇ ಹುಟ್ಟುತ್ತದೆ. ಆಲ್ಬರ್ಟಾ ಪ್ರಾಂತ್ಯದ ಉತ್ತರ ಭಾಗದಲ್ಲೂ ನಾರ್ತ್‌ವೆಸ್ಟ್ ಟೆರಿಟರೀಸ್‌ನ ದಕ್ಷಿಣದ ಅಂಚಿನಲ್ಲೂ ಚಾಚಿಕೊಂಡಿರುವ ಈ ಉದ್ಯಾನದ ವಿಸ್ತೀರ್ಣ ಸುಮಾರು 44,700 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕೆ ತುಸು ಕಡಿಮೆ. ಬೈಸನ್ ಹಿಂಡುಗಳನ್ನು ಉಳಿಸಲೆಂದು 1922ರಲ್ಲಿ ಇದನ್ನು ಸ್ಥಾಪಿಸಲಾಯಿತು. 1983ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ದೊಡ್ಡ ಕಾಡಿನೊಳಗೆ ರಸ್ತೆಗಳು ಬೆರಳೆಣಿಕೆಯಷ್ಟು. ಉಳಿದ ಕಡೆಗೆ ಹೋಗಬೇಕಾದರೆ ಹೆಲಿಕಾಪ್ಟರ್, ಇಲ್ಲವೇ ದೋಣಿ.

ಬಂಡೀಪುರ, ನಾಗರಹೊಳೆಗಳ ಬೆಂಕಿಯ ಹಿಂದೆ ಸಾಮಾನ್ಯವಾಗಿ ಮನುಷ್ಯನ ಕೈ ಇರುತ್ತದೆ. ನಮ್ಮಲ್ಲಿ ಸಿಡಿಲು ಮಳೆಯೊಂದಿಗೇ ಬರುವುದರಿಂದ ಹೊತ್ತಿದ ಕಿಡಿ ಅಲ್ಲೇ ನಂದಿಹೋಗುತ್ತದೆ. ಉತ್ತರ ಕೆನಡಾದಲ್ಲಿ ಹಾಗಲ್ಲ. ಅಲ್ಲಿ ಜೂನ್–ಜುಲೈ ತಿಂಗಳುಗಳಲ್ಲಿ ಹಗಲು ಬಹಳ ದೀರ್ಘ, ಮಳೆ ಕಡಿಮೆ. ಎಷ್ಟೋ ಗುಡುಗು ಮೋಡಗಳಿಂದ ಸಿಡಿಲು ಬಡಿದರೂ ನೆಲ ನೆನೆಯುವಷ್ಟು ಹನಿ ಬೀಳುವುದಿಲ್ಲ. ಇದನ್ನು ಒಣ ಸಿಡಿಲು ಎನ್ನುತ್ತಾರೆ. ಕೆನಡಾದ ಕಾಡ್ಗಿಚ್ಚುಗಳಲ್ಲಿ ಸುಮಾರು ಅರ್ಧದಷ್ಟು ಸಿಡಿಲಿನವು; ಆದರೆ ಸುಟ್ಟುಹೋಗುವ ಪ್ರದೇಶದ ಬಹುಪಾಲು ಅವುಗಳದ್ದೇ. ಜನವಸತಿಯಿಂದ ದೂರದಲ್ಲಿ, ಒಂದೇ ದಿನ ಹಲವು ಕಡೆ ಹೊತ್ತಿಕೊಳ್ಳುವುದು ಅದಕ್ಕೆ ಕಾರಣ.

ಸಿಡಿಲು ಬಡಿದ ಮರ ಕೂಡಲೇ ಧಗಧಗಿಸಬೇಕೆಂದಿಲ್ಲ. ಕಿಡಿ ಮರದ ಬುಡಕ್ಕಿಳಿದು ಪಾಚಿ, ಸೂಜಿಯೆಲೆ, ಅರೆಕೊಳೆತ ಕಸದ ಪದರದೊಳಗೆ ಸೇರಿಕೊಳ್ಳುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ದಿನಗಟ್ಟಲೆ ಅಲ್ಲೇ ಕುಳಿತಿದ್ದು, ಗಾಳಿ ಬೀಸಿ ಬಿಸಿಲೇರಿದ ಮಧ್ಯಾಹ್ನ ಮೇಲೆದ್ದು ಹಬ್ಬುತ್ತದೆ. ಆದ್ದರಿಂದ ಗುಡುಗು ನಿಂತ ಮೇಲೂ ಕಾವಲು ಮುಗಿಯುವುದಿಲ್ಲ. ಎಲ್ಲೆಲ್ಲಿ ಸಿಡಿಲು ಬಿತ್ತೆಂಬುದನ್ನು ಸಂವೇದಕಗಳ ಜಾಲ ಗುರುತಿಸುತ್ತದೆ, ಉಪಗ್ರಹಗಳು ನೆಲದ ಬಿಸಿ ತಾಣಗಳನ್ನು ತೋರಿಸುತ್ತವೆ. ಹೊಗೆ ಎದ್ದಿದೆಯೇ ಎಂದು ಸಿಬ್ಬಂದಿ ಆಕಾಶದಿಂದ ಹುಡುಕುತ್ತಾರೆ.

ಬೆಂಕಿ ಎಷ್ಟು ಬೇಗ ಹಬ್ಬೀತು ಎಂಬ ಅಂದಾಜಿಗೆ ಕೆನಡಾದಲ್ಲಿ 1970ರಿಂದ ಬೆಂಕಿ ಹವಾಮಾನ ಸೂಚ್ಯಂಕ ಬಳಕೆಯಲ್ಲಿದೆ. ಪ್ರತಿದಿನ ಮಧ್ಯಾಹ್ನದ ಉಷ್ಣಾಂಶ, ಗಾಳಿಯ ತೇವ, ಗಾಳಿಯ ವೇಗ ಮತ್ತು ಹಿಂದಿನ 24 ಗಂಟೆಗಳ ಮಳೆ, ಈ ನಾಲ್ಕೇ ಅಳತೆಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ. ನೆಲದ ಮೇಲಿನ ತರಗು, ಅದರ ಕೆಳಗಿನ ಸಡಿಲ ಪದರ, ಇನ್ನೂ ಆಳದ ದಟ್ಟ ಪದರ ಮೂರಕ್ಕೂ ಒಣಗಿದ ಪ್ರಮಾಣವನ್ನು ಬೇರೆಬೇರೆಯಾಗಿ ಕಂಡುಕೊಳ್ಳಲಾಗುತ್ತದೆ. ಮೇಲಿನ ತರಗು ಒಂದು ದಿನದ ಬಿಸಿಲಿಗೆ ಒಣಗಿ ಒಂದು ಹದ ಮಳೆಗೆ ನೆನೆಯುತ್ತದೆ. ಆಳದ ಪದರ ಒಣಗಲು ವಾರಗಟ್ಟಲೆ ಬೇಕು, ಮತ್ತೆ ನೆನೆಯಲೂ ಅಷ್ಟೇ ಕಾಲ. ಆಳ ಒಣಗಿದ ವರ್ಷ ಹತ್ತಿದ ಬೆಂಕಿ ಸಣ್ಣ ಮಳೆಗೆ ಬಗ್ಗುವುದಿಲ್ಲ.

ಹೊಗೆ ಕಂಡ ಮೇಲೆ ತೀರ್ಮಾನದ ಸರದಿ. ಬೆಂಕಿ ಎಲ್ಲಿದೆ, ಯಾವ ದಿಕ್ಕಿಗೆ ಸಾಗೀತು, ದಾರಿಯಲ್ಲಿ ನದಿ, ಕೆರೆ ಅಥವಾ ಹಳೆಯ ಸುಟ್ಟ ಪ್ರದೇಶ ಇದೆಯೇ, ಊರು, ರಸ್ತೆ, ವಿದ್ಯುತ್ ತಂತಿ, ಬೇಟೆಗಾರರ ಗುಡಿಸಲು ಎಷ್ಟು ದೂರ ಎಂಬುದನ್ನೆಲ್ಲ ತೂಗಿ ನೋಡಬೇಕು. ಊರಿನ ಹತ್ತಿರದ ಬೆಂಕಿಯನ್ನು ಹೊತ್ತಿದ ದಿನವೇ ಪೂರ್ತಿ ನಂದಿಸಲು ತಂಡ ಇಳಿಯುತ್ತದೆ. ನಡುವಣ ಸ್ಥಿತಿಯಲ್ಲಿ ಊರಿನತ್ತ ಸಾಗುವ ಒಂದು ಮಗ್ಗುಲನ್ನಷ್ಟೇ ತಡೆದು, ಉಳಿದ ಮಗ್ಗುಲುಗಳನ್ನು ಕಾಡಿಗೆ ಬಿಡುತ್ತಾರೆ. ಯಾರಿಗೂ ಅಪಾಯವಿಲ್ಲದ ದೂರದ ಬೆಂಕಿಯನ್ನು ನಕ್ಷೆಯ ಮೇಲೆ ಗುರುತಿಸಿ ಗಮನಿಸುತ್ತಾ ಹೋಗುತ್ತಾರೆ. ಬಿಟ್ಟ ಬೆಂಕಿಯೆಂದರೆ ಮರೆತ ಬೆಂಕಿಯಲ್ಲ. ಗಾಳಿ ತಿರುಗಿದರೆ ತೀರ್ಮಾನವೂ ತಿರುಗುತ್ತದೆ.

ಒಂಟಿ ಗುಡಿಸಲನ್ನು ಉಳಿಸುವ ವಿಧಾನ ಸರಳ. ಸುತ್ತಲಿನ ಪೊದೆ, ಒಣಮರಗಳನ್ನು ಕಡಿದು, ಪಕ್ಕದ ಹೊಳೆಗೋ ಕೆರೆಗೋ ಪಂಪು ಇಳಿಸಿ, ಸೂರಿನ ಮೇಲೆ ಸ್ಪ್ರಿಂಕ್ಲರ್ ಹೂಡುತ್ತಾರೆ. ಹೂಮಳೆ ಕೈಕೊಟ್ಟಾಗ ನಮ್ಮ ಕಾಫಿ ತೋಟಗಳಲ್ಲಿ ತಿರುಗುವುದು ಇದೇ ಬಗೆಯ ಸ್ಪ್ರಿಂಕ್ಲರ್. ನೆಲವೂ ಗೋಡೆಯೂ ತೊಯ್ದಿದ್ದರೆ ಹಾರಿಬರುವ ಕಿಡಿ ಹತ್ತುವುದಿಲ್ಲ. ಊರಿನ ರಕ್ಷಣೆಗೆ ಬುಲ್ಡೋಜರ್‌ಗಳಿಂದ ಅಗಲವಾದ ಬೆಂಕಿ ರೇಖೆ ತೆಗೆದು, ಹವೆ ಅನುಕೂಲವಿದ್ದ ದಿನ ಆ ರೇಖೆಯಿಂದ ಕಾಡ್ಗಿಚ್ಚಿನ ಕಡೆಗೆ ತಾವೇ ಎದುರುಬೆಂಕಿ ಹಚ್ಚುತ್ತಾರೆ. ದೊಡ್ಡ ಕಿಚ್ಚು ಅಲ್ಲಿಗೆ ಬರುವ ಹೊತ್ತಿಗೆ ಸುಡಲು ಏನೂ ಉಳಿದಿರುವುದಿಲ್ಲ.

ಎಲ್ಲವನ್ನೂ ನಂದಿಸದಿರುವುದಕ್ಕೆ ಸಿಬ್ಬಂದಿಯ ಕೊರತೆಯೊಂದೇ ಕಾರಣವಲ್ಲ. ಈ ಕಾಡು ಬೆಂಕಿಗೆ ಹೊಂದಿಕೊಂಡೇ ಬೆಳೆದದ್ದು. ಜಾಕ್ ಪೈನ್ ಮರದ ಕಾಯಿಗಳನ್ನು ರಾಳ ಬಿಗಿಯಾಗಿ ಮುಚ್ಚಿರುತ್ತದೆ. ಬೆಂಕಿಯ ಕಾವಿಗೆ ಅದು ಕರಗಿದಾಗ ಬೀಜ ಬೂದಿಯ ನೆಲಕ್ಕೆ ಬೀಳುತ್ತದೆ. ಆಸ್ಪೆನ್ ಮರ ಸುಟ್ಟರೂ ಬೇರಿನಿಂದ ಚಿಗುರುತ್ತದೆ. ಮರು ವರ್ಷ ಹುಟ್ಟುವ ಎಳೆಹುಲ್ಲು ಬೈಸನ್‌ಗಳಿಗೆ ಮೇವು. ಹೊಸದಾಗಿ ಸುಟ್ಟ ಜಾಗ, ಎಳೆಯ ಕಾಡು, ಹಳೆಯ ಕಾಡು ಒತ್ತಾಗಿ ಹೊಲಿದ ಕೌದಿಯಂತಿದ್ದರೆ ಮುಂದಿನ ಬೆಂಕಿಗೂ ಅಲ್ಲಲ್ಲಿ ತಡೆ ಸಿಗುತ್ತದೆ. ಉತ್ತರ ಆಲ್ಬರ್ಟಾದ ಮೂಲನಿವಾಸಿಗಳಾದ ಕ್ರೀ, ಡೆನೆ ಜನ ಹಿಂದೆ ಹಿಮ ಕರಗುವ ಹೊತ್ತಿಗೆ ಹುಲ್ಲುಗಾವಲುಗಳಿಗೆ ತಾವೇ ಬೆಂಕಿ ಇಡುತ್ತಿದ್ದರು. ಸುತ್ತಲ ಕಾಡಿನಲ್ಲಿ ಹಿಮ ಉಳಿದಿರುತ್ತಿದ್ದುದರಿಂದ ಬೆಂಕಿ ಗಡಿ ದಾಟುತ್ತಿರಲಿಲ್ಲ. ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಕೆನಡಾದ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆ ಯೋಜಿತ ದಹನವನ್ನು, ಅಂದರೆ ಬೇಕೆಂದೇ ಮಿತಿಯೊಳಗೆ ಬೆಂಕಿ ಹಚ್ಚುವುದನ್ನು, ಕೈಗೆತ್ತಿಕೊಂಡದ್ದು 1983ರಲ್ಲಿ.

ಬೆಂಕಿಯ ಕಾವಲು ಈ ಉದ್ಯಾನಕ್ಕೆ ಎಣಿಸದ ಕೊಡುಗೆಯನ್ನೂ ಕೊಟ್ಟಿದೆ. 1940ರ ದಶಕದ ಆರಂಭದಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದ ಹೂಪಿಂಗ್ ಕ್ರೇನ್ ಎಂಬ ಬಿಳಿ ಹಕ್ಕಿಗಳು ಬೇಸಿಗೆಯಲ್ಲಿ ಎಲ್ಲಿ ಗೂಡು ಕಟ್ಟುತ್ತವೆಂಬುದು ವಿಜ್ಞಾನಿಗಳಿಗೆ ತಿಳಿದಿರಲಿಲ್ಲ. 1954ರ ಜೂನ್‌ನಲ್ಲಿ ಕಾಡ್ಗಿಚ್ಚಿನ ಕೆಲಸದಿಂದ ಮರಳುತ್ತಿದ್ದ ಹೆಲಿಕಾಪ್ಟರ್‌ನಿಂದ ಅವು ಮರಿಯೊಂದಿಗೆ ಕಾಣಿಸಿದವು. ಆ ಸಂತತಿ ಇಂದು 500 ದಾಟಿದೆ.

ಬೆಂಕಿ ನಿಭಾಯಿಸುವ ಈ ವ್ಯವಸ್ಥೆಯ ಮಿತಿ 2023ರಲ್ಲಿ ಗೊತ್ತಾಯಿತು. ಆ ವರ್ಷ ಕೆನಡಾದಲ್ಲಿ 1.5 ಕೋಟಿ ಹೆಕ್ಟೇರಿಗೂ ಹೆಚ್ಚು ಪ್ರದೇಶ ಸುಟ್ಟಿತು. ಉದ್ಯಾನದ ಅಂಚಿನಲ್ಲಿರುವ, ವರ್ಷಪೂರ್ತಿ ಬಳಸುವ ರಸ್ತೆಯೇ ಇಲ್ಲದ ಫೋರ್ಟ್ ಚಿಪೆವಾಯನ್ ಊರಿನ ಜನರನ್ನು ವಿಮಾನ, ದೋಣಿಗಳಲ್ಲಿ ಸಾಗಿಸಬೇಕಾಯಿತು. ಆಗಸ್ಟ್‌ನಲ್ಲಿ ಉದ್ಯಾನದ ಮುಖ್ಯ ಕಚೇರಿಯಿರುವ ಫೋರ್ಟ್ ಸ್ಮಿತ್ ಕೂಡ ತೆರವಾಯಿತು. ಬೆಂಕಿ ರೇಖೆ, ಸ್ಪ್ರಿಂಕ್ಲರ್‌ಗಳ ಬಲದಿಂದ ಊರು ಉಳಿದು, ಸೆಪ್ಟೆಂಬರ್‌ನಲ್ಲಿ ಜನ ಮರಳಿದರು.

ಹಿಮ ಬಿದ್ದ ಮೇಲೂ ಕೆಲವು ಬೆಂಕಿಗಳು ಸಾಯುವುದಿಲ್ಲ. ಜೌಗು ನೆಲದ ಪೀಟ್ ಎಂಬ ಸಸ್ಯಕಸದ ದಪ್ಪ ಪದರಕ್ಕೆ ಇಳಿದ ಕಿಚ್ಚು ಚಳಿಗಾಲವಿಡೀ ಹಿಮದಡಿ ಹೊಗೆಯಾಡುತ್ತಿದ್ದು, ವಸಂತದಲ್ಲಿ ಮತ್ತೆ ಮೇಲೇಳಬಲ್ಲದು. ಆದಕಾರಣ ಹೊಸ ವರ್ಷದ ಮೊದಲ ಸಿಡಿಲು ಬೀಳುವ ಮುನ್ನವೇ ಹಳೆಯ ಸುಟ್ಟ ಕಾಡಿನ ಅಂಚುಗಳನ್ನು ಪರೀಕ್ಷಿಸಬೇಕಾಗುತ್ತದೆ.