ಹವ್ಯಾಸಿ ಬೆಸುಗೆಗಾರನ ಅನಿಲದ ಲೆಕ್ಕ

ಜಯನಗರ, ಬನಶಂಕರಿಗಳ ಮನೆಯಂಗಳದಲ್ಲಿ ಬಿಡುವಿನ ವೇಳೆ ಲೋಹವನ್ನು ಬೆಸೆಯಲೆಳಸುವ ಹವ್ಯಾಸಿಗೆ ಯಂತ್ರಕ್ಕಿಂತಲೂ ಅನಿಲದ ಸಿಲಿಂಡರೇ ಹೆಚ್ಚಿನ ಚಿಂತೆಯನ್ನು ತಂದೊಡ್ಡುವುದುಂಟು. ಕಬ್ಬಿಣದ ಗೇಟು, ಕುಂಡದ ಸ್ಟ್ಯಾಂಡುಗಳಷ್ಟೇ ಸಾಕೆನ್ನುವವನಿಗೆ ಕಡ್ಡಿಯ ವೆಲ್ಡಿಂಗೇ ಸಾಕು. ಅದಕ್ಕೆ ಸಿಲಿಂಡರೇ ಬೇಡ.

ಟಿಗ್ ಯಂತ್ರದಿಂದ ಅಲ್ಯೂಮಿನಿಯಮನ್ನು ಬೆಸೆಯುವವನಿಗಾದರೋ ನೀಲಿ ಬಣ್ಣದ ಆರ್ಗಾನ್ ಸಿಲಿಂಡರು ಅನಿವಾರ್ಯ. 7 ಘನಮೀಟರಿನದೊಂದು, ನಿಮಿಷಕ್ಕೆ 10 ಲೀಟರಿನಂತೆ ಹರಿದರೂ, ಸುಮಾರು ಹನ್ನೊಂದೂವರೆ ಗಂಟೆಗಳ ಬೆಸುಗೆಗೆ ಸಾಲುವುದಾದ್ದರಿಂದ, ಅಗ್ಗವೆಂದು ಸಣ್ಣದನ್ನು ಕೊಂಡು ಪದೇ ಪದೇ ತುಂಬಿಸುವುದಕ್ಕಿಂತ, ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಕಾರ್ಯಾಗಾರಗಳಲ್ಲಿ ಅವರಿಗೆ ಅನಿಲ ಪೂರೈಸುವವರಾರೆಂದು ವಿಚಾರಿಸಿ, ಠೇವಣಿಯಿಟ್ಟು, ದೊಡ್ಡದನ್ನೇ ವಿನಿಮಯದ ಕ್ರಮದಲ್ಲಿ ಪಡೆಯುವುದು ಮಿತವ್ಯಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯದನ್ನು ಕೊಳ್ಳುವವರು, ಬಣ್ಣದ ಪದರದಡಿ ಮಸುಕಾಗಿದ್ದರೂ ಸರಿಯೆ, ಅದರ ಹೆಗಲ ಮೇಲೆ ಒತ್ತಿದ ಪರೀಕ್ಷೆಯ ವರ್ಷವನ್ನು ಬೆರಳಿನಿಂದ ತಡವಿಯಾದರೂ ಓದಿಕೊಳ್ಳಬೇಕು. 5 ವರ್ಷ ಮೀರಿದ್ದರೆ ಮರುಪರೀಕ್ಷೆಯಿಲ್ಲದೆ ಅದನ್ನು ತುಂಬುವಂತಿಲ್ಲ, ಆ ಪರೀಕ್ಷೆಯ ವೆಚ್ಚವೂ ಕೊಳ್ಳುವವನ ತಲೆಗೇ ಬರುತ್ತದೆ.

ಹಿತ್ತಾಳೆಯ ಬೆಸುಗೆಗೆ ದುಬಾರಿ ಅಸಿಟಿಲೀನಿನ ಬದಲು ಎಲ್‌ಪಿಜಿಯೇ ಸಾಕು. ಆದರೆ ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಇದಕ್ಕೆ ತಿರುಗಿಸುವುದು ಕಾನೂನುಬಾಹಿರ. ಮಾರುಕಟ್ಟೆ ದರದ 5 ಕಿಲೋ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ವಿತರಕರಲ್ಲಿಯೇ ದೊರೆಯುತ್ತದೆ.