ಇಳಿಸಿದ ಭಾರ ಮರಳಿ ಏರದಿರಲು

ಐವತ್ತು ದಾಟಿದವರ ಮನೆಗಳಲ್ಲಿ ತೂಕದ ಮಾತು ಬಾರದ ದಿನ ವಿರಳ. ಮಗಳ ಮದುವೆಗೆಂದು ಹೊಲಿಸಿದ ಕೋಟಿನ ಗುಂಡಿ ಕೂಡದು. ವೈದ್ಯರು ಹುಬ್ಬು ಗಂಟಿಕ್ಕುವರು. ರಾತ್ರಿಯ ಅನ್ನ ನಿಲ್ಲುವುದು. ಮೂರು ತಿಂಗಳಲ್ಲಿ ಆರೇಳು ಕಿಲೋ ಇಳಿದು ಬಂಧುಗಳ ಮೆಚ್ಚುಗೆಯೂ ದೊರೆಯುವುದು. ಆದರೆ ಮರುವರ್ಷದ ಯುಗಾದಿಯ ವೇಳೆಗೆ ಅಷ್ಟೂ ಭಾರ ಬಡ್ಡಿಸಹಿತ ಮರಳಿರುತ್ತದೆ. ಆಗ ಮನೆಮಂದಿಯೆಲ್ಲ ಯಜಮಾನರ ನಾಲಿಗೆಯ ಚಾಪಲ್ಯವನ್ನು ದೂರುವರು. ಈ ದೂರಿನಲ್ಲಿ ನ್ಯಾಯ ಇರುವುದು ಅರ್ಧ ಮಾತ್ರ.

ಮಾನವದೇಹ ಸಹಸ್ರಾರು ವರ್ಷ ಬರಗಾಲಗಳೊಡನೆ ಹೆಣಗಿ ಉಳಿದುಬಂದುದು. ಕೊಬ್ಬು ಅದರ ಪಾಲಿಗೆ ಕಣಜದ ಧಾನ್ಯ. 1 ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ ಶಕ್ತಿಯಿದ್ದರೆ ಅಷ್ಟೇ ಕೊಬ್ಬಿನಲ್ಲಿ 9 ಅಡಗಿದೆ. ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆಂಬುದು 1994ರಿಂದೀಚೆಗೆ ತಿಳಿದುಬಂದ ಸಂಗತಿ. ಕೊಬ್ಬು ಕರಗಿದಂತೆ ಈ ರಸವೂ ಕುಗ್ಗುತ್ತದೆ. ಮೆದುಳು ಅದನ್ನು ಕ್ಷಾಮದ ವಾರ್ತೆಯೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಆಸ್ಟ್ರೇಲಿಯದಲ್ಲಿ 50 ಮಂದಿ ಸ್ಥೂಲಕಾಯರನ್ನು 10 ವಾರ ಕಠಿಣ ಪಥ್ಯದಲ್ಲಿರಿಸಿದ ವಿಜ್ಞಾನಿಗಳು 2011ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಪಥ್ಯ ಆರಂಭಿಸಿ ವರ್ಷ ಕಳೆದರೂ ಅವರ ಹಸಿವಿನ ರಸಗಳು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಈಚೆಗೆ ಹೆಸರುವಾಸಿಯಾದ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಕಥೆಯೂ ಇದೇ. ಅದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿತೆಂದು 2022ರ ವರದಿಯೊಂದು ತಿಳಿಸಿತು. ಆದ್ದರಿಂದ ಭಾರ ಇಳಿಸುವುದು ಮೂರು ತಿಂಗಳ ವ್ರತವಾದರೆ, ಇಳಿದುದನ್ನು ಕಾಯುವುದು ನಿತ್ಯಕರ್ಮ.

ವಯಸ್ಸಾದಂತೆ ದೇಹದ ಒಲೆ ಮಂದವಾಗುತ್ತದೆ, ಏನು ಮಾಡಿದರೂ ವ್ಯರ್ಥ ಎಂದು ಕೈಚೆಲ್ಲುವವರುಂಟು. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2021ರಲ್ಲಿ ಹೊರಬಂದ ವರದಿ ಈ ನೆಪವನ್ನು ಕಿತ್ತುಕೊಂಡಿದೆ. ದೇಹದ ಗಾತ್ರ ಮತ್ತು ಮಾಂಸಖಂಡಗಳ ಪ್ರಮಾಣಕ್ಕೆ ಹೋಲಿಸಿದರೆ, ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿಯ ವ್ಯಯ ಹೆಚ್ಚುಕಡಮೆ ಒಂದೇ ಸಮ. ಇಳಿತ ಕಾಣುವುದು ಅರವತ್ತರ ಬಳಿಕ. ಹಾಗಾದರೆ ನಲವತ್ತೈದು, ಐವತ್ತರಲ್ಲಿ ಕಳೆಯುವುದು ಏನು? ಮಾಂಸಖಂಡ. ದುಡಿಯದ ಸ್ನಾಯು ವರ್ಷವರ್ಷಕ್ಕೆ ಸವೆಯುತ್ತದೆ. ಬರಿಯ ಉಪವಾಸದಿಂದ ತೂಕ ಇಳಿಸುವವರಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಮರಳಿ ಬರುವುದರಲ್ಲಿ ಮಾತ್ರ ಕೊಬ್ಬಿನದೇ ಮೇಲುಗೈ. ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿದರೂ ದೇಹ ಹಳೆಯದಲ್ಲ.

ಭಾರತೀಯರು ಇದನ್ನು ಇನ್ನೂ ಎಚ್ಚರದಿಂದ ಗಮನಿಸಬೇಕು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರಲ್ಲೂ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇಕಡ 21.2! ನಮ್ಮವರ ಕೊಬ್ಬು ಹೊಟ್ಟೆಯ ಒಳಭಾಗದಲ್ಲಿ ಸುಲಭವಾಗಿ ನೆಲೆಸುತ್ತದೆ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿಮಾಡುವುದು ಈ ಕೊಬ್ಬೇ. ಋತುಸ್ರಾವ ನಿಂತ ಬಳಿಕ ಸ್ತ್ರೀಯರಲ್ಲಿಯೂ ಅದು ಹೊಟ್ಟೆಯತ್ತ ಸರಿಯುತ್ತದೆ. ಆದಕಾರಣ ತೂಕದ ಯಂತ್ರದ ಜೊತೆಗೆ ದರ್ಜಿಯ ಟೇಪೂ ಮನೆಯಲ್ಲಿರಲಿ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ಮೀರಬಾರದು.

ಸ್ನಾಯುವನ್ನು ಉಳಿಸಿಕೊಳ್ಳುವ ಕಾಲ ಮೀರಿತೆಂದು ಯಾರೂ ಅಂಜಬೇಕಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಸುಮಾರು ತೊಂಬತ್ತು ವರ್ಷದ ಕೆಲವು ವೃದ್ಧರು 8 ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿದರು. ಅವರ ತೊಡೆಯ ಬಲ ಸರಾಸರಿ ಎರಡು ಪಟ್ಟನ್ನೂ ಮೀರಿ ವೃದ್ಧಿಸಿತೆಂದು 1990ರ ವರದಿ ಹೇಳುತ್ತದೆ. ತೊಂಬತ್ತರಲ್ಲಿ ಸಾಧ್ಯವಾದುದು ಐವತ್ತೈದರಲ್ಲಿ ಏಕೆ ಆಗದು? ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಗೋಡೆಗೆ ಕೈಕೊಟ್ಟು ದೇಹವನ್ನು ತಳ್ಳುವುದು, ಮಹಡಿಯ ಮೆಟ್ಟಿಲೇರುವುದು—ಇಷ್ಟರಿಂದ ಆರಂಭಿಸಬಹುದು.

ಊಟದಲ್ಲಿ ಕಳೆಯಬೇಕಾದುದರಂತೆ ಕೂಡಿಸಬೇಕಾದುದೂ ಉಂಟು. ನಮ್ಮ ಎಲೆಯಲ್ಲಿ ಅನ್ನದ ರಾಶಿ ದೊಡ್ಡದು, ಬೇಳೆ ಸಾರಿನ ತಳದಲ್ಲಿ ಅಡಗಿರುವುದು. ಸ್ನಾಯುವಿಗೆ ಬೇಕಾದ ಪ್ರೋಟೀನು ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 1 ಗ್ರಾಂ. ಹೆಸರುಬೇಳೆಯ ಕೋಸಂಬರಿ, ಮೊಳಕೆಕಾಳಿನ ಉಸಲಿ, ಹುರುಳಿಯ ಸಾರು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು—ಇವು ಹೆಚ್ಚಲಿ. ಎರಡನೆಯ ಬಾರಿಯ ಅನ್ನ, ಸಂಜೆಯ ಬೋಂಡ, ಕಾಫಿಯ ಸಕ್ಕರೆ ತಗ್ಗಲಿ. ಮೂತ್ರಪಿಂಡದ ತೊಂದರೆಯುಳ್ಳವರೂ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರೂ ಮೊದಲು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿಸಿ, ವರ್ಷಕ್ಕೂ ಮೀರಿ ಉಳಿಸಿಕೊಂಡವರ ನಡೆನುಡಿಯನ್ನು ಅಮೆರಿಕದಲ್ಲಿ 1994ರಿಂದ ದಾಖಲಿಸುತ್ತ ಬಂದಿದ್ದಾರೆ. ಅವರಲ್ಲಿ ಬಹುಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈ ದಂಡಿಸುವವರು. ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ವಾರದ ದಿನಗಳಿಗೊಂದು, ರಜೆಗೊಂದು ಎಂಬ ಎರಡು ಬಗೆಯ ಊಟವನ್ನು ಇಟ್ಟುಕೊಳ್ಳದವರೇ ಹೆಚ್ಚು ಯಶಸ್ವಿಗಳು. ಹಬ್ಬದಂದು ಹೋಳಿಗೆ ತಿನ್ನುವುದು ಪಾಪವಲ್ಲ. ಹಬ್ಬ ಮುಗಿದ ಮೇಲೂ ವಾರವಿಡೀ ಡಬ್ಬಿ ತೆರೆಯುತ್ತಿರುವುದೇ ಅಪಾಯ. ಒಂದೆರಡು ಕಿಲೋ ಏರಿದಾಗಲೇ ಎಚ್ಚತ್ತರೆ ಸರಿಪಡಿಸುವುದು ಸುಲಭ. ಹತ್ತು ಕಿಲೋ ಏರಿದ ಮೇಲೆ ಮತ್ತೆ ಮೊದಲಿನಿಂದ ಹೋರಾಟ.

ಇದು ಅಂದಚೆಂದದ ಪ್ರಶ್ನೆಯಲ್ಲ. ಎಪ್ಪತ್ತೈದರಲ್ಲಿ ಪಂಕ್ತಿಯ ಊಟ ಮುಗಿಸಿ ನೆಲದಿಂದ ತಾವೇ ಏಳಬಲ್ಲರೆ, ಸ್ನಾನದ ಮನೆಗೆ ಇನ್ನೊಬ್ಬರ ಆಸರೆಯಿಲ್ಲದೆ ಹೋಗಬಲ್ಲರೆ ಎಂಬುದು ಬಹುಮಟ್ಟಿಗೆ ಐವತ್ತೈದರ ದಿನಚರಿಯಲ್ಲಿಯೇ ನಿರ್ಧಾರವಾಗುತ್ತದೆ. ಮಕ್ಕಳಿಗೆ ಹೊರೆಯಾಗಬಾರದೆಂದು ಹಿರಿಯರು ಹಣ ಕೂಡಿಡುತ್ತಾರೆ. ಕಾಲಿನ ಬಲವನ್ನೂ ಹಾಗೆಯೇ ಕೂಡಿಟ್ಟುಕೊಳ್ಳುವುದು ಲೇಸು.