ಕಡಲ ಸೌತೆಯ ವಂಶಾವಳಿ

ಸೌತೆಯೆಂದೊಡನೆ ನಮ್ಮ ವಾಚಕರಿಗೆ ಕೋಸಂಬರಿಯ ನೆನಪಾಗುವುದು ಸಹಜ. ಕಡಲ ಸೌತೆಯಾದರೋ ಕಾಯಲ್ಲ, ಪ್ರಾಣಿ, ನಕ್ಷತ್ರಮೀನಿನ ದಾಯಾದಿ. ಸಾಗರತಳದ ಮರಳನ್ನು ನುಂಗಿ, ಅದರೊಳಗಿನ ಸತ್ತ್ವವನ್ನು ಹೀರಿ, ಉಳಿದುದನ್ನು ಹೊರಹಾಕುವುದೇ ಇದರ ಕಾಯಕ. ಅಡಿಗೆಮನೆಯ ಸೌತೆಯನ್ನು ಎರಡಾಗಿ ಕಡಿದರೆ ಎರಡು ಹೋಳೂ ಬಾಡುತ್ತವೆ. ಈ ಸೌತೆಯ ಕೆಲವೇ ಕೆಲವು ಜಾತಿಗಳು ತಾವಾಗಿಯೇ ನಡುವನ್ನು ಹಿಂಡಿಕೊಂಡು ಎರಡಾಗಿ ಹರಿಯುತ್ತವೆ; ಮುಂತುಂಡಿಗೆ ಹಿಂಭಾಗವೂ ಹಿಂತುಂಡಿಗೆ ಬಾಯಿಯೂ ಹೊಸದಾಗಿ ಬೆಳೆದು ಎರಡೂ ಪೂರ್ಣಜೀವಿಗಳಾಗುತ್ತವೆ!

ಇವುಗಳಲ್ಲಿ ಗಂಡುಹೆಣ್ಣಿನ ಭೇದವೂ ಉಂಟು. ಅಂಡವನ್ನೂ ವೀರ್ಯವನ್ನೂ ನೀರಿಗೆ ಬಿಟ್ಟು ಮಿಲನವನ್ನು ಅಲೆಗಳಿಗೆ ಒಪ್ಪಿಸುತ್ತವೆ. ಹಾಗಾದರೆ ಒಂದು ಹವಳದಿಬ್ಬದ ನೂರು ಸೌತೆಗಳಲ್ಲಿ ತಾಯ್ತಂದೆಗಳ ಮಕ್ಕಳೆಷ್ಟು, ಒಂದೇ ದೇಹದ ತುಂಡುಗಳೆಷ್ಟು? ಕಣ್ಣು ಇದನ್ನು ಹೇಳಲಾರದು.

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಸ್ವೆನ್ ಊಥಿಕೆ, ಜಾನ್ ಬೆಂಝಿ ಮೊದಲಾದ ವಿಜ್ಞಾನಿಗಳು ಸ್ಟಿಕೋಪಸ್ ಕ್ಲೋರೊನೋಟಸ್ ಎಂಬ ಜಾತಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿ, ೧೯೯೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರಾಣಿಯ ಚೂರು ಮಾಂಸವನ್ನು ಅರೆದು, ಗಂಜಿಯಂಥ ಲೋಳೆಯಲ್ಲಿಟ್ಟು ವಿದ್ಯುತ್ತನ್ನು ಹರಿಸಿದರೆ, ಒಂದೇ ಕಿಣ್ವದ ಬೇರೆಬೇರೆ ರೂಪಗಳು ಬೇರೆಬೇರೆ ದೂರಕ್ಕೆ ಸರಿದು ಪಟ್ಟೆಗಳಾಗುತ್ತವೆ. ಈ ರೂಪಗಳು ತಾಯಿಯಿಂದೊಂದು, ತಂದೆಯಿಂದೊಂದು ಬಂದ ಆಸ್ತಿ. ಇವೇ ವಂಶದ ಗುರುತುಗಳು. ಒಂದು ಗುರುತು ಕೂಡಿಬಂದರೆ ಅದು ಆಕಸ್ಮಿಕವಿರಬಹುದು: ಒಂದೇ ಕಚೇರಿಯಲ್ಲಿ ಇಬ್ಬರು ಸುಬ್ಬರಾಯರು ಇರುವುದಿಲ್ಲವೇ? ಆದರೆ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲವೂ ಒಂದೇ ಆದರೆ ಆಸಾಮಿಯೂ ಒಬ್ಬನೇ ಎಂದು ಯಾವ ಗುಮಾಸ್ತನೂ ಹೇಳಿಯಾನು.

ಹಾಗೆ ನೋಡಲಾಗಿ, ಒಂದೇ ಪಟ್ಟೆಗಳ ಸೌತೆಗಳು ಮತ್ತೆ ಮತ್ತೆ ಸಿಕ್ಕಿದವು. ಬಾಳೆಯ ಕಂದುಗಳಂತೆ ಅವೆಲ್ಲ ಒಂದೇ ಬುಡದವು. ಆದರೂ ದೂರದೂರದ ದಿಬ್ಬಗಳ ಸಂತತಿಗಳಲ್ಲಿ ಹೆಚ್ಚಿನ ಭೇದ ಕಾಣಲಿಲ್ಲ. ಅರ್ಥಾತ್, ಮೊಟ್ಟೆಯಿಂದ ಬಂದ ಮರಿಗಳು ಪ್ರವಾಹದೊಡನೆ ದೂರ ಸಾಗಿ ನೆಲೆಯೂರುತ್ತವೆ. ನೆಲೆಸಿದ ಮೇಲೆ ಸಂಸಾರವನ್ನು ಬೆಳೆಸುವುದು ಬಹುಮಟ್ಟಿಗೆ ತುಂಡಾಗುವಿಕೆ.

ನಮ್ಮ ಮನ್ನಾರ್ ಕೊಲ್ಲಿಯ ಬೆಲೆಬಾಳುವ ಹೊಲೊಥೂರಿಯ ಸ್ಕಾಬ್ರಕ್ಕೆ ಈ ಭಾಗ್ಯವಿಲ್ಲ. ಅದಕ್ಕೆ ಗಂಡೂ ಹೆಣ್ಣೂ ಸಮೀಪದಲ್ಲಿರಬೇಕು. ಬೇಯಿಸಿ ಒಣಗಿಸಿ ಪೂರ್ವದೇಶಗಳಿಗೆ ಕಳುಹಿಸುವ ಆತುರದಲ್ಲಿ ಅದು ವಿರಳವಾಯಿತು. ೨೦೦೧ರಲ್ಲಿ ಭಾರತ ಸರ್ಕಾರವು ಕಡಲ ಸೌತೆಗಳನ್ನು ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿ ಬೇಟೆಯನ್ನು ನಿಷೇಧಿಸಿತು. ಅದನ್ನೇ ನಂಬಿದ್ದ ಬೆಸ್ತರ ಅಳಲು ಸುಳ್ಳಲ್ಲ; ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಅದು ಅರ್ಥವಾಗದ ಮಾತೂ ಅಲ್ಲ. ೧೯೮೮ರಲ್ಲಿಯೇ ತೂತ್ತುಕುಡಿಯ ಕೇಂದ್ರ ಮೀನುಗಾರಿಕಾ ಸಂಶೋಧನಾಲಯದಲ್ಲಿ ಇದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಲಾಗಿತ್ತು. ಇಂಥ ಮರಿಗಳನ್ನು ಕಡಲಿಗೆ ಬಿಡುವುದಾದರೆ, ಅವು ಹಲವು ತಾಯ್ತಂದೆಗಳ ಸಂತಾನವೋ, ಒಂದೆರಡು ಜೋಡಿಗಳದ್ದೋ ಎಂಬುದನ್ನು ಮೊದಲೇ ತಿಳಿಸಬಲ್ಲವೂ ಈ ಗುರುತುಗಳೇ.